ಜಳಕ ಮಾಡಿದ ಕಾರು

ಗ್ಯಾರೇಜಿಗೆ ಹೋಗುವ ದಿನ ನಮ್ಮ ಕೊಟ್ರಪ್ಪ ಮಾವ ಮೊದಲು ಕಾರಿಗೆ ಜಳಕ ಮಾಡಿಸುತ್ತಿದ್ದರು. ಮೈಗೆ ಮಾತ್ರವಲ್ಲ, ಬಾನೆಟ್ ಎತ್ತಿ ಹೊಟ್ಟೆಯೊಳಕ್ಕೂ. ಕಂಪ್ಲಿಯ ಅವರ ಅಕ್ಕಿ ಗಿರಣಿಯ ಅಂಗಳದಲ್ಲಿ ಧೋತರ ಮೇಲೆ ಕಟ್ಟಿ, ಪಂಪಿನ ಪೈಪು ಹಿಡಿದು, ಎಂಜಿನ್ನಿನ ಸಂದುಗೊಂದಿಗೆಲ್ಲ ಜೋರಾಗಿ ನೀರು ಹೊಡೆಯುತ್ತಿದ್ದರು. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೊನೆಗೆ ಸ್ಟಿಯರಿಂಗ್ ಮೇಲೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರು. “ಹೆಂಗೂ ಮೆಕ್ಯಾನಿಕ್ ಎಣ್ಣಿ ಕೈಲೇನ ಮುಟ್ತಾನಲ್ರಿ ಮಾವ, ಯಾಕ ಇಷ್ಟು?” ಎಂದು ಒಮ್ಮೆ ಕೇಳಿದ್ದೆ. “ಕೂಸಿಗೆ ಜ್ವರ ಬಂದ್ರ ಹೊಲಸು ಮೈಲೆ ಡಾಕ್ಟರ್ ಹತ್ರ ಒಯ್ತಾರೇನವ್ವ? ನೋಡಿದವ್ರು ಏನಂದಾರು?” ಎಂದರು.

ಅದು ಗಣಿಯ ಕಾಲ. ಸಂಡೂರಿನ ಕಡೆ ಹೋಗಿಬಂದ ಗಾಡಿ ಯಾವ ಬಣ್ಣದ್ದಾದರೂ ಕೆಂಪಾಗಿಯೇ ಮರಳುತ್ತಿತ್ತು. ಹೊಸಪೇಟೆಯ ನಮ್ಮ ಮನೆಯಲ್ಲಿ ಒಣಹಾಕಿದ ಸೀರೆಯಿಂದ ಹಿಡಿದು ಬೇವಿನ ಎಲೆಯವರೆಗೆ ಎಲ್ಲದರ ಮೇಲೂ ಅದಿರಿನ ಧೂಳು. ಆ ಧೂಳಿನೊಂದಿಗೆ ಇನ್ನೊಬ್ಬರ ಬಾಗಿಲಿಗೆ ಹೋಗುವುದೆಂದರೆ ಮಾವನಿಗೆ ಮರ್ಯಾದೆಗೇಡು. ಅದರಲ್ಲೂ ಆ ಕಾರು ಬೆಳ್ಳಗಿತ್ತು.

ಎರಡೇ ಬಾಗಿಲಿನ, ನೆಲಕ್ಕೆ ಹತ್ತಿ ಕೂತ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಅದು. ಸಂಡೂರಿನ ಗಣಿ ಮಾಲೀಕರೊಬ್ಬರ ಮಗ ಅದಕ್ಕಿಂತ ದೊಡ್ಡದನ್ನು ತಂದು ಇದನ್ನು ಮೂಲೆಗೆ ನೂಕಿದ್ದ. ಅಕ್ಕಿ ಕೊಡಲು ಹೋದ ಮಾವ ಅದನ್ನು ನೋಡಿದರು, ಮನಸೋತರು, ಕೊಂಡೇಬಿಟ್ಟರು. ಜೀವನವಿಡೀ ಟ್ರ್ಯಾಕ್ಟರು, ಜೀಪು ಓಡಿಸಿದ ಮನುಷ್ಯ. ಅದರಲ್ಲಿ ಕೂರಬೇಕಾದರೆ ಮೊದಲು ಕುಂಡೆ ಒಳಗಿಟ್ಟು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಅತ್ತೆ ಕಟ್ಟೆಯ ಮೇಲೆ ನಿಂತು, “ಈ ಮನ್ಯಾಗ ನನಗಿಂತ ಅದಕ್ಕ ಜಾಸ್ತಿ ನೀರು ಹಾಕ್ತಾರ. ನಾ ಬಿಸಿಯಾದ್ರ ಕೇಳವ್ರ ಇಲ್ಲ,” ಎಂದು ಗೊಣಗುತ್ತಿದ್ದರು.

ಆ ವಯಸ್ಸಿನಲ್ಲಿ ಅದೇಕೆ ಅಂಥ ಹುಚ್ಚು ಎಂದು ಕಂಪ್ಲಿಯವರೆಲ್ಲ ನಕ್ಕರು. ನಮಗೆ ಮಾತ್ರ ಕಾರಣ ಗೊತ್ತಿತ್ತು. ಮಾವನ ಕಣ್ಣಿನ ನರ ಒಣಗುತ್ತಿತ್ತು. ಬಳ್ಳಾರಿಯ ಡಾಕ್ಟರು, ಹಗಲು ಹೊತ್ತು ಸದ್ಯಕ್ಕೆ ಓಡಿಸಿ, ಆದರೆ ಒಂದು ದಿನ ನಾನೇ ಸಾಕು ಎನ್ನುತ್ತೇನೆ, ಆಗ ಕೇಳಬೇಕು ಎಂದಿದ್ದರು. “ಬಾಗಿಲು ಮುಂದ ಮಾಡಿದಂಗ ಆಗ್ತೈತಿ ನೋಡವ್ವ. ನಡುವಿಂದು ಕಾಣ್ತೈತಿ, ಅತ್ತಿತ್ತಿಂದು ಕಡಿಮಿ ಆಗ್ಕೋಂತ ಬರ್ತೈತಿ,” ಎನ್ನುತ್ತಿದ್ದರು ಮಾವ. ಅಷ್ಟರೊಳಗೆ ಅವರಿಗೆ ಒಂದೇ ಒಂದು ಆಸೆ. ಆ ಕಾರಿನಲ್ಲಿ ಸಂಡೂರಿನ ಘಾಟಿಯನ್ನು ಎಲ್ಲೂ ನಿಲ್ಲದೆ, ತಮ್ಮ ಕೈಯಿಂದಲೇ ಹತ್ತಿಸಬೇಕು. ತಿರುವಿನಲ್ಲಿ ಗೇರ್ ಇಳಿಸಿದಾಗ ಅದು ಹೇಗೆ ಎಗರುತ್ತದೆ ಎಂಬುದನ್ನು ನೋಡಬೇಕು.

ಕಾರು ಮಾತ್ರ ಬಗ್ಗಲಿಲ್ಲ. ಹೊಸಪೇಟೆ ದಾಟಿ ಏರು ಶುರುವಾಗುತ್ತಿದ್ದಂತೆ ಮಿಸ್ಸಿಂಗ್ ಹೊಡೆಯುತ್ತಿತ್ತು. ಕೆಮ್ಮು ಹತ್ತಿದವರ ಹಾಗೆ ಮೈಯೆಲ್ಲ ಅಲುಗಾಡಿ, ಹೀಟ್ ಏರಿ, ಅರ್ಧ ಘಾಟಿಯಲ್ಲಿ ಹೊಗೆಯಾಡುತ್ತಾ ನಿಂತುಬಿಡುತ್ತಿತ್ತು. ಅದಿರು ಹೊತ್ತ ಲಾರಿಗಳು ನರಳುತ್ತಾ ಅದನ್ನು ಹಿಂದೆ ಹಾಕುತ್ತಿದ್ದವು. ಡ್ರೈವರುಗಳು ಕಿಟಕಿಯಿಂದ ಬಗ್ಗಿ, “ಏ ಯಜಮಾನ, ಹಗ್ಗ ಕೊಡ್ಲೇನು?” ಎಂದು ಕೇಳುತ್ತಿದ್ದರು. ಕೆಲವರು ನಿಜವಾಗಿಯೂ ಹಗ್ಗ ಕೊಟ್ಟರು.

ಹೊಸಪೇಟೆ ಬೈಪಾಸಿನ ಖಾದರ್ ಸಾಬ್ ಟಿಪ್ಪರ್ ಲಾರಿಗಳ ಮೆಕ್ಯಾನಿಕ್. ಅವನ ಗಂಟಲಿನ ಮುಂದೆ ಹಾರ್ನ್ ಏನೂ ಅಲ್ಲ, ಅವನ ಜಂಬ ಅದಕ್ಕಿಂತ ದೊಡ್ಡದು. ಅದಿರು ಲಾರಿಗಳ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನಾನೇ ಮಾವನನ್ನು ಅವನ ಹತ್ತಿರ ಕರೆದೊಯ್ದಿದ್ದೆ. ಅವನು ಮೊದಲ ಸಲವೇ, “ಕಾಯಿಲ್ ಹೋಗ್ಯಾವ್ರಿ ಸಾವ್ಕಾರ್ರ, ಕಿಡಿ ಸರಿ ಬೀಳವಲ್ದು,” ಎಂದು ತೀರ್ಪು ಕೊಟ್ಟ. ಆ ಕಾರಿಗೆ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್. ಈ ಪ್ಲಗ್ಗಿನದನ್ನು ಆ ಪ್ಲಗ್ಗಿಗೆ ಹಾಕಿ ನೋಡಿದ. ಕಾಯಿಲ್ ಕೆಟ್ಟಿದ್ದರೆ ಕೆಮ್ಮು ಅದರ ಜೊತೆಗೇ ಹೋಗಬೇಕು. ಹೋಗಲಿಲ್ಲ, ಇದ್ದಲ್ಲೇ ಉಳಿಯಿತು. ಆದರೂ ಬೆಂಗಳೂರಿನಿಂದ ಹೊಸ ಕಾಯಿಲ್ ತರಿಸಿದ. ಅದೂ ಕೆಟ್ಟಿತು. “ಮಾಲು ಡುಪ್ಲಿಕೇಟ್ ಐತ್ರಿ,” ಎಂದ. ಇನ್ನೊಂದು ತರಿಸಿದ. ಅದೂ ಹಾಗೇ.

ಇನ್ನು ಕೂಲೆಂಟು, ಎಂಜಿನ್ನನ್ನು ತಣ್ಣಗಿಡುವ ನೀರು. ತುಂಬಿಸಿದ್ದು ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇಲ್ಲ. ಖಾದರ್ ರೇಡಿಯೇಟರ್ ಬಿಚ್ಚಿದ, ಹೋಸ್ ಬದಲಾಯಿಸಿದ, ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದ. ಎಲ್ಲ ಕಡೆ ಥಳಥಳ, ಸೋರಿದ ಗುರುತೇ ಇಲ್ಲ. ಪ್ಲಗ್ ಕೂರುವ ಗುಳಿಗಳಲ್ಲಿ ಮಾತ್ರ ನೀರು ನಿಂತಿರುತ್ತಿತ್ತು. ಅದು ಮಾವನ ಜಳಕದ ನೀರು ಎಂದು ಎಲ್ಲರಿಗೂ ಗೊತ್ತು. ಅವನು ಹವಾ ಹೊಡೆದು ಅದನ್ನು ಒಣಗಿಸುತ್ತಿದ್ದ, ಎಂಜಿನ್ನು ಗಡಿಯಾರದಂತೆ ಓಡುತ್ತಿತ್ತು. “ಆತು ಹೋಗ್ರಿ ಸಾವ್ಕಾರ್ರ, ಈಗ ಸಂಡೂರಲ್ಲ, ದಿಲ್ಲಿಗೆ ಹೋಗ್ರಿ!” ಎನ್ನುತ್ತಿದ್ದ. ಮಾವ ನಗುತ್ತಾ ಹೊರಡುತ್ತಿದ್ದರು. ಸಂಜೆಗೆ ಅದೇ ಘಾಟಿ, ಅದೇ ಹಗ್ಗ.

ಇದು ಎಷ್ಟು ಸಲ ನಡೆಯಿತೋ ಲೆಕ್ಕ ಇಟ್ಟವರಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಮಾವನಿಗೆ ಬರುತ್ತಿರಲಿಲ್ಲ. ಕೆಟ್ಟು ನಿಂತ ಕಾರಿನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, “ಎಲ್ಲೋ ಒಂದು ಕಡೆ ನೋವೈತಿ ಅದಕ್ಕ. ಹೇಳಾಕ ಬಾಯಿಲ್ಲ, ಕೇಳಾಕ ನಮಗ ಬುದ್ಧಿಲ್ಲ,” ಎನ್ನುತ್ತಿದ್ದರು. ಒಂದು ದಿನ ಹಾಗೆ ಕೂತಿದ್ದಾಗ ನಾನು ಪಕ್ಕದಿಂದ ನೀರಿನ ಬಾಟಲಿ ಚಾಚಿದೆ. ಅವರು ನೋಡಲೇ ಇಲ್ಲ. ಕೈಗೆ ತಾಗಿಸಿದ ಮೇಲೆ ಬೆಚ್ಚಿದರು. ಅವರ ಕಣ್ಣಿನ ಬಾಗಿಲು ಎಷ್ಟು ಮುಂದಾಗಿದೆ ಎಂದು ಆವತ್ತು ನನಗೆ ತಿಳಿಯಿತು. ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲೆ ಎಮ್ಮಿಗನೂರಿನ ರಸ್ತೆಯಲ್ಲಿ ಆ ಎಮ್ಮೆ ಬಂತು. ಎಡಗಡೆಯ ಗದ್ದೆಯಿಂದ ಸಾವಕಾಶವಾಗಿ ಏರಿ ಬಂದ ಎಮ್ಮೆ, ಯಾರಿಗಾದರೂ ಕಾಣುವಂಥದ್ದು. ಎಮ್ಮೆಗೆ ಏನೂ ಆಗಲಿಲ್ಲ, ಕಾರಿನ ಎಡಬದಿಯ ಕನ್ನಡಿ ಮುರಿಯಿತು. ಮಾವ ಮಾತ್ರ ಮನೆಗೆ ಬಂದು ಕೀಲಿಯನ್ನು ದೇವರ ಗೂಡಿನಲ್ಲಿಟ್ಟುಬಿಟ್ಟರು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಸಿಡಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಕಾರಿನ ಜಳಕ ನಿಂತಿತು.

“ಬ್ಯಾಟ್ರಿ ಕುಂದ್ರತೈತಿ, ನೀ ಆಗಾಗ ಓಡಿಸವ್ವ,” ಎಂದು ಮಾವ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಜೀಪಿನಲ್ಲಿ ನನಗೆ ಗಾಡಿ ಕಲಿಸಿದವರೂ ಅವರೇ. ಕಚೇರಿ ಕೆಲಸಕ್ಕೆ ನಾನು ಅದನ್ನು ಸಂಡೂರಿನ ಕಡೆ ಒಯ್ಯತೊಡಗಿದೆ. ನಿಂತಲ್ಲಿ ಆರಿಸಿ, ರೇಡಿಯೇಟರಿಗೆ ನೀರು ಹಾಕಿ, ಮತ್ತೆ ಓಡಿಸಿ. ಹೀಗೆ ಕೆಲವು ವಾರ ಹೋದ ಮೇಲೆ ಒಂದು ದಿನ ಅದು ಪೂರಾ ಮುನಿಸಿಕೊಂಡಿತು. ಹಗ್ಗ ಕಟ್ಟಿ, ಇದ್ದ ಅವತಾರದಲ್ಲೇ ಖಾದರನ ಗ್ಯಾರೇಜಿಗೆ ತಂದೆ.

ಬಾನೆಟ್ ಎತ್ತಿದ ಖಾದರ್, “ಇದೇನ್ರಿ ಅಕ್ಕಾರ, ಸಾವ್ಕಾರ್ರು ಜಳಕ ಮಾಡಿಸಿಲ್ಲೇನು?” ಎಂದು ನಕ್ಕವನು ಹಾಗೇ ನಿಂತ. ಎಂಜಿನ್ನಿನ ಮೇಲೆಲ್ಲ ಕುಂಕುಮ ಬಳಿದಂತೆ ಕೆಂಪು ಧೂಳು. ಅದರ ನಡುವೆ ಹಿಂದಿನ ಮೂಲೆಯಿಂದ ಒಂದೇ ಒಂದು ಕರಿ ಗೆರೆ, ಧೂಳು ತೊಳೆದುಹೋದ ಗೆರೆ, ಪ್ಲಗ್ಗಿನ ಗುಳಿಯವರೆಗೆ ಇಳಿದು ಬಂದಿತ್ತು. ಗೆರೆಯ ಬುಡದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೈಪು, ಅದರಲ್ಲಿ ಕೂದಲೆಳೆಯಂಥ ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಳ್ಳುತ್ತಿತ್ತು, ಕಾದಾಗ ಬಾಯಿ ಬಿಟ್ಟು ಕೂಲೆಂಟನ್ನು ನೇರ ಕಾಯಿಲ್ಲಿನ ಬುಡಕ್ಕೆ ಸುರಿಯುತ್ತಿತ್ತು. ಹೀಟೂ ಅದರಿಂದಲೇ, ಮಿಸ್ಸಿಂಗೂ ಅದರಿಂದಲೇ. “ಯಾ ಅಲ್ಲಾ, ಇಷ್ಟ ಐತಲ್ರಿ!” ಎಂದು ಖಾದರ್ ಹಣೆ ಚಚ್ಚಿಕೊಂಡ. ಆಮೇಲೆ ಆ ದೊಡ್ಡ ಗಂಟಲನ್ನು ಇಳಿಸಿ, “ಸಾವ್ಕಾರ್ರಿಗೆ ಇದು ಹೇಳಬ್ಯಾಡ್ರಿ ಅಕ್ಕಾರ,” ಎಂದ.

ಮಾವ ಕೇಳದೆ ಬಿಡುತ್ತಾರೆಯೇ? ಹೇಳಿದೆ. ಕಪ್ಪು ಕನ್ನಡಕದ ಹಿಂದೆ ಅವರ ಮುಖ ಏನೆಂದಿತೋ ತಿಳಿಯಲಿಲ್ಲ. “ಅಂದ್ರ ಪ್ರತಿ ಸಲ ಸೋರಿದ ಗುರುತು ನಾನ ಅಳಿಸಿ ಒಯ್ತಿದ್ದೆ ಅನ್ನು,” ಎಂದರು. ಮತ್ತೆ, “ಪೈಪ್ ಗಟ್ಟಿ ಹಾಕ್ಯಾನಂತೇನು?” ಎಂದು ಕೇಳಿದರು. ಉಳಿದ ದೃಷ್ಟಿಯನ್ನಷ್ಟೇ ಆಪರೇಷನ್ ಉಳಿಸಿತ್ತು. ಇನ್ನು ಗಾಡಿ ಮುಟ್ಟಕೂಡದು ಎಂದು ಡಾಕ್ಟರು ಆಗಲೇ ಹೇಳಿ ಆಗಿತ್ತು.

ಕೊನೆಗೆ ನಾನೇ ಅವರನ್ನು ಕೂರಿಸಿಕೊಂಡು ಘಾಟಿ ಹತ್ತಿಸಿದೆ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಮೇಲೆ ಹೋದ ಮೇಲೆ, “ನಿಲ್ಲಿಸವ್ವ,” ಎಂದರು. ಇಳಿದು, ಕಾರಿನ ಮುಂದಿನಿಂದ ಸುತ್ತಿ, ನನ್ನ ಬಾಗಿಲ ಹತ್ತಿರ ರಸ್ತೆಯ ಮೇಲೆ ಬಂದು ನಿಂತರು.

“ಇಳಿ. ಒಂದು ಫರ್ಲಾಂಗ್ ಅಷ್ಟ.”

“ಬ್ಯಾಡ್ರಿ ಮಾವ.”

“ಮುಂದಿಂದು ನನಗ ಛಲೋ ಕಾಣ್ತೈತಿ. ರಸ್ತಿ ಕಾಣ್ತೈತಿ, ನೀ ಕಾಣ್ತಿ. ಇಳಿಯವ್ವ.”

ನನಗೆ ಗಾಡಿ ಕಲಿಸಿದ ಮನುಷ್ಯ ನನ್ನನ್ನು ಬೇಡುತ್ತಿದ್ದರು. ನಾನು ಸ್ಟಿಯರಿಂಗ್ ಬಿಡದೆ ಕೂತೆ. ಅಷ್ಟರಲ್ಲಿ ಹಿಂದಿನಿಂದ ಲಾರಿಯೊಂದು ಬರುವುದು ಕನ್ನಡಿಯಲ್ಲಿ ಕಂಡಿತು. ಮಾವ ಅಲುಗಲಿಲ್ಲ. “ಮಾವಾ!” ಎಂದು ಚೀರಿದೆ. ಹಾರ್ನ್ ಕಿವಿಗೆ ಅಪ್ಪಳಿಸಿದಾಗಲೇ ಅವರು ಕಾರಿಗೆ ಅಂಟಿಕೊಂಡಿದ್ದು. ಲಾರಿ ಅವರ ಧೋತರ ಸವರಿಕೊಂಡು ಹೋಯಿತು.

ಧೂಳು ಇಳಿಯಿತು. ಮಾವ ಬಾನೆಟ್ಟಿನ ಮೇಲೆ ಕೈ ಆಡಿಸುತ್ತಾ ತಿರುಗಿ ಹೋಗಿ, ಎಡಗಡೆಯ ಬಾಗಿಲು ತೆಗೆದು ಕೂತರು. ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡರು. “ನಡಿ,” ಎಂದರು.

ಮಳೆಗಾಲಕ್ಕೆ ಮುಂಚೆ ಮಾವ ತೀರಿಕೊಂಡರು. ಆ ಘಾಟಿಯ ದಿನದ ನಂತರ ಅವರ ಜೊತೆ ಮತ್ತೆಲ್ಲಿಗೂ ಹೋಗಲಾಗಿರಲಿಲ್ಲ. ಇವತ್ತು ಕೇಳಿದರೂ ನಾನು ಇಳಿಯುತ್ತಿರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ದಿನ ಘಾಟಿ ಇಳಿಯುವಾಗ ನೋಡಿದ್ದನ್ನು ಮರೆಯಲು ಆಗಿಲ್ಲ. ಮಾವ ಕಣ್ಣು ಮುಚ್ಚಿ ಕೂತಿದ್ದರು. ಪ್ರತಿ ತಿರುವಿನಲ್ಲೂ, ನಾನು ಬ್ರೇಕ್ ಹಾಕುವುದಕ್ಕಿಂತ ಒಂದು ಕ್ಷಣ ಮೊದಲು, ಅವರ ಬಲಗಾಲು ಮೆಲ್ಲಗೆ ನೆಲವನ್ನು ಒತ್ತುತ್ತಿತ್ತು.