ಗುಂಪಿನಿಂದ ತೆಗೆದುಹಾಕಿದ ಕಾಕಾ

ಮೊನ್ನೆ ಅರಭಾವಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಬೆಳೆಗೆ ಹೊಡೆಯುವ ಔಷಧದ ವಾಸನೆ ಬಂತು. ಮೂಗು ಮುಚ್ಚಿಕೊಂಡೆ. ಕಾಕಾನ ನೆನಪು ಮಾತ್ರ ಬಂದೇಬಿಟ್ಟಿತು...

ಅವರು ನಾಗನೂರಿನಲ್ಲಿ ನಮ್ಮ ಬಾಜೂ ಮನೆಯವರು. ರಕ್ತಸಂಬಂಧವೇನೂ ಇಲ್ಲ, ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ಜೀವನವಿಡೀ ಕುರಿ ಕಾಯ್ದವರು. ಎರಡು ಹೊಲದಾಚೆಯ ಹಿಂಡಿಗೆ ಕೂಗಿ ಕೂಗಿ ಅವರ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. "ಏ ಹುಚ್ಚಿ, ಚಾ ಕುಡದ ಹೋಗ!" ಎಂದು ಗದರುತ್ತಲೇ ಚಹಾದ ಬಸಿ ಮುಂದೆ ಹಿಡಿಯುವರು. ಎದುರಿಗಿದ್ದವರಿಗೆ ಅವರ ನಗು ಕಾಣುತ್ತಿತ್ತು. ಮೊಬೈಲಿನಲ್ಲಿ ಗದರಿಕೆಯೊಂದೇ ಕೇಳುತ್ತಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುರಿಗಾರರಿಗೂ ಹೊಲದವರಿಗೂ ಸೇರಿ ಒಂದು ವಾಟ್ಸಾಪ್ ಗುಂಪಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಯಾರ ಹೊಲ ಖಾಲಿ, ಯಾರ ಹಿಂಡು ಎಲ್ಲಿದೆ ಎಂಬುದೆಲ್ಲ ಅಲ್ಲೇ ತಿಳಿಯುವುದು. ಅಣ್ಣನಿಗೆ ಹಿಂಡಿತ್ತು, ನನಗೆ ಟೈಪ್ ಮಾಡಲು ಬರುತ್ತಿತ್ತು. ಅಡ್ಮಿನ್ ಪಟ್ಟ ನನ್ನ ತಲೆಗೇ ಬಂತು.

ಅಲ್ಲಿ ಮಸಗುಪ್ಪಿಯ ನಿವೃತ್ತ ಮಾಸ್ತರರ ಮಾತೆಂದರೆ ಮಾತು. "ಶುಭೋದಯ ಬಂಧುಗಳೇ" ಎಂದೇ ಶುರು. ಕಾಕಾನ ಧ್ವನಿ ಸಂದೇಶವನ್ನು ಮಾತ್ರ ಯಾರೂ ತೆರೆಯುತ್ತಿರಲಿಲ್ಲ. ಹಿಂದೆ ಒಂದೆರಡು ಸಲ ಯಾರೊಂದಿಗೋ ಜಗಳವಾಗಿತ್ತು. ಆಮೇಲೆ ಅವರು ಏನೇ ಹೇಳಿದರೂ ಜಗಳವೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಒಂದು ಬೆಳಿಗ್ಗೆ ಮಾಸ್ತರರು ಗೋವಿನಜೋಳ ತೆಗೆದ ತಮ್ಮ ಹೊಲಕ್ಕೆ ಕುರಿ ಕರೆದರು. ಅಣ್ಣ ಹಿಂಡು ಹೊಡೆದುಕೊಂಡು ಹೊರಟ. ಅರ್ಧ ತಾಸಿಗೆ ಕಾಕಾನ ಧ್ವನಿ ಬಂತು. "ಏ ಮಾಸ್ತರ, ಕಣ್ಣ ಹೋಗ್ಯಾವೇನ ನಿನಗ? ಸಾಲಿ ಕಲಿಸಿದಾಂವ ನೀ..." ಹತ್ತು ಸೆಕೆಂಡಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಗುಂಪು ಕುದಿಯುತ್ತಿತ್ತು. "ಗುರುಗಳಿಗೆ ಹಿಂಗ ಮಾತಾಡೂದೇನ್ರಿ? ತಗೀರಿ ಅವರನ್ನ!" ಮಾಸ್ತರರು ಮಾತ್ರ "ಇರಲಿ ಬಿಡ್ರಿ, ಹಿರಿಯರು" ಎಂದು ಕೈಮುಗಿದ ಚಿತ್ರ ಹಾಕಿದರು. ಅದನ್ನು ನೋಡಿ ಕಾಕಾನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು. ತೆಗೆದುಹಾಕಿದೆ.

ಕಾಕಾ ಮೂರು ಸಲ ಫೋನ್ ಮಾಡಿದರು. ಬೈಸಿಕೊಳ್ಳಲು ಪುರುಸೊತ್ತಿಲ್ಲವೆಂದು ನಾನು ಎತ್ತಲಿಲ್ಲ. ಹಿಂಡಿನ ಜೊತೆ ನಡೆವಾಗ ಅಣ್ಣ ಫೋನನ್ನು ಕುದುರೆಯ ಮೇಲಿನ ಗಂಟಿನಲ್ಲಿ ಕಟ್ಟಿಡುತ್ತಿದ್ದ. ಅದಕ್ಕೇ ಅವರು ನನಗೆ ಮಾಡಿದ್ದು. ಇದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕನೆಯ ಕರೆ ಅಣ್ಣನದು. "ಕುರಿ ನೊರಿ ಕಾರಾಕತ್ತಾವ... ಕಾಕಾ ಓಡಿ ಬಂದಾನ, ಉಳದದ್ದನ್ನ ಹೊರಗ ಹೊಡ್ಯಾಕತ್ತಾನ..."

ಒಂಬತ್ತು ಕುರಿ ಸತ್ತವು. ಉಳಿದವು ಉಳಿದದ್ದು ಕಾಕಾ ಬದುವಿಗೆ ಅಡ್ಡ ನಿಂತದ್ದರಿಂದ. ಆಮೇಲೆ ಆ ಧ್ವನಿಯನ್ನು ಪೂರ್ತಿ ಕೇಳಿದೆ. ಬೈಗುಳದ ಹಿಂದೆಯೇ ಇತ್ತು: "ನಿನ್ನ ಆಳ ನಿನ್ನೆ ಬದುವಿನ ಹುಲ್ಲಿಗೆ ಹುಳದ ಎಣ್ಣಿ ಹೊಡದಾನ. ನಾ ಕಣ್ಣಾರೆ ನೋಡೇನಿ. ಕುರಿ ಬಿಡಬ್ಯಾಡ್ರಿ!" ಆಳು ಆ ಔಷಧ ಹೊಡೆದದ್ದು ಮಾಸ್ತರರಿಗೇ ಗೊತ್ತಿರಲಿಲ್ಲವಂತೆ.

ಸಂಜೆ ಮಾಸ್ತರರು "ಎಲ್ಲ ವಿಧಿಯಾಟ" ಎಂದು ಸೊಗಸಾಗಿ ಬರೆದರು. ಜನ ಅವರನ್ನೇ ಸಮಾಧಾನ ಮಾಡಿದರು. ನಾನು ಕಾಕಾನ ಮನೆಗೆ ಹೋಗಿ, ಮತ್ತೆ ಗುಂಪಿಗೆ ಸೇರಿಸುತ್ತೇನೆ ಅಂದೆ. ಅವರು ಅಂದು ಕೂಗಲಿಲ್ಲ.

"ಮದಲ ಅಲ್ಲೆ ಬರಿ, ಕಾಕಾ ಹೇಳಿದ್ದ ಖರೆ ಇತ್ತಂತ. ಎಲ್ಲಾರೂ ಓದ್ಲಿ. ಆಮ್ಯಾಲ ಬರ್ತೇನಿ."

ಹೂಂ ಅಂದೆ. ಬರೆಯಲಿಲ್ಲ. ಬರೆದರೆ ಮಾಸ್ತರರಿಗೆ ಮುಖಭಂಗ, ನನ್ನ ತಪ್ಪೂ ಬಯಲಿಗೆ... ನಾಳೆ ಬರೆದರಾಯಿತೆಂದು ದಿನ ದೂಡಿದೆ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಬರದೇನ?" ಎಂದು ಕೇಳುತ್ತಿದ್ದರು. ಕೊನೆಗೆ ಕೇಳುವುದನ್ನೂ ಬಿಟ್ಟರು.

ಈ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಗುಂಪಿನಲ್ಲಿ ಸುದ್ದಿ ಹಾಕಿದವರು ಮಾಸ್ತರರೇ: "ನೇರ ನುಡಿಯ ಹಿರಿಯ ಜೀವ." ಕೈಮುಗಿದ ಚಿತ್ರಗಳು ಸಾಲುಗಟ್ಟಿದವು, ತೆಗೀರಿ ಅಂದವರೇ ಎಲ್ಲರಿಗಿಂತ ಮುಂದೆ. ನನಗೆ ಸಿಟ್ಟು ಬಂತು, ಹೆಚ್ಚಾಗಿ ನನ್ನ ಮೇಲೆಯೇ. ಆಗಲೂ ಬರೆಯಲಿಲ್ಲ.

ಮೊನ್ನೆ ಬಸ್ಸಿಳಿದವಳು ನಿಂತಲ್ಲೇ ಬರೆದೆ: "ಅಂದು ಕಾಕಾ ಹೇಳಿದ್ದು ಖರೆ ಇತ್ತು. ನಾನು ಪೂರ್ತಿ ಕೇಳದೆ ಅವರನ್ನು ತೆಗೆದೆ." ತಾಸಿನೊಳಗೆ ಬಹಳ ಜನ ಓದಿದರು. ಮಾಸ್ತರರಿಂದ ಹೆಬ್ಬೆರಳಿನ ಚಿತ್ರವೊಂದು ಬಂತು. ನನಗೆ ಬೇಕಾಗಿದ್ದುದು ಕಾಕಾನ ಒಂದು ಬೈಗುಳ.