ಎಲೆ ಅಡಿಕೆ ಬಿಟ್ಟ ಮೂರನೆಯ ದಿನ

ಎಲೆ ಅಡಿಕೆ ಬಿಟ್ಟ ಮೂರನೆಯ ದಿನ ಬೆಳಿಗ್ಗೆ ಅವ್ವ ಬಚ್ಚಲ ಕಲ್ಲಿನ ಮೇಲೆ ಉಗುಳಿದಳು. ಎಲೆ ಹಾಕಿರಲಿಲ್ಲ. ಅಡಿಕೆ ಇಲ್ಲ, ಸುಣ್ಣವಿಲ್ಲ.

ಉಗುಳು ಕೆಂಪಗಿತ್ತು.

ಬಿಟ್ಟದ್ದು ನನ್ನ ಸಲುವಾಗಿ. ನಾನು ಬಿ.ಎ. ಪಾಸಾದರೆ ಹನ್ನೊಂದು ದಿನ ಎಲೆ ಅಡಿಕೆ ಮುಟ್ಟುವುದಿಲ್ಲವೆಂದು ಮನೆದೇವರಿಗೆ ಹೇಳಿಕೊಂಡಿದ್ದಳಂತೆ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಬಂದವನು ನಾನು. ಹರಕೆಯ ಸುದ್ದಿ ತಿಳಿದ ದಿನ, ಪೇಪರು ಬರೆದದ್ದು ನಾನೋ ದೇವರೋ ಎಂದು ಅವಳನ್ನು ಅರ್ಧ ಗಂಟೆ ಕಾಡಿದ್ದೆ. ಈಗ ಆ ಹರಕೆಯೇ ಕಣ್ಣಿಗೆ ಕಾಣುವ ಸಾಕ್ಷಿಯೊಂದನ್ನು ಮುಂದಿಟ್ಟಿತ್ತು.

ನಮ್ಮದು ಶಿರಸಿ ಪೇಟೆಯಲ್ಲಿ ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಅಡಿಕೆಯ ಸೀಮೆಯಲ್ಲಿ ಯಾರ ಉಗುಳೂ ಬೆಳ್ಳಗಿರುವುದಿಲ್ಲ. ಅವ್ವನ ಬಾಯಿ ಮೂವತ್ತು ವರ್ಷದಿಂದ ಕೆಂಪು. ಆ ಕೆಂಪಿನೊಳಗೆ ಎಷ್ಟು ದಿನದಿಂದ ರಕ್ತ ಬೆರೆತಿತ್ತೋ, ನೋಡಿದವರಿಲ್ಲ.

ಎರಡು ತಿಂಗಳಿನಿಂದ ಸಂಜೆಯಾದರೆ ಅವಳ ಮೈ ಬೆಚ್ಚಗಾಗುತ್ತಿತ್ತು. ಸೊರಗಿದ್ದಳು. ಮೊಣಕಾಲು ನೋವು ಬೇರೆ. ರೊಟ್ಟಿ ಬಿಟ್ಟು ಹಾಲು ಅನ್ನ ನುಂಗುತ್ತಿದ್ದಳು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು. ಜ್ವರ, ಸೊರಗು, ರಕ್ತ. ಮೂರನ್ನೂ ಕೂಡಿಸಿ ಉತ್ತರ ಹೇಳಲು ಡಾಕ್ಟರು ಬೇಕಿರಲಿಲ್ಲ. ಬನವಾಸಿಯಿಂದ ಬಂದ ಚಿಗವ್ವ, ಅವ್ವನ ತಂಗಿ, ದನಿ ತಗ್ಗಿಸಿ ಹೇಳಿದಳು.

“ಕ್ಷಯ.”

ಗಂಡನ ಮನೆಯಲ್ಲಿದ್ದ ನನ್ನ ಅಕ್ಕ ಗಿರಿಜಕ್ಕನಿಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ, ತವರಿಗೆ ಕರೆತರುವ ದಿನ ಗೊತ್ತಾಗಿತ್ತು. “ಇಂಥಾ ಮನಿಗೆ ಬಸುರಿನ್ನ ಹ್ಯಾಂಗ ಕರೀತೀರಿ? ಗಿರಿಜಾನ್ನ ನಾನs ಕರಕೊಂಡು ಹೋಗ್ತೀನಿ. ಬಾಣಂತನ ನಮ್ಮ ಮನ್ಯಾಗ ಆಗ್ಲಿ,” ಎಂದಳು ಚಿಗವ್ವ. ಆಕೆಯ ಮಾತಿನಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಎದುರಾಡುವುದು ಕಷ್ಟವಾಯಿತು.

ಮರುದಿನ ಅವ್ವ ತನ್ನ ತಾಟು ಲೋಟ ತಾನೇ ಬೇರೆ ಇಟ್ಟುಕೊಂಡಳು.

“ಕೂಸಿಗೆ ನೀರು ಎರಿಯೂದು ನನ್ನ ಹಣ್ಯಾಗ ಇಲ್ಲೇನೋ?” ಎಂದು ನನ್ನನ್ನು ಕೇಳಿದಳು. ಅಷ್ಟೇ. ಅಳಲಿಲ್ಲ.

ಅಪ್ಪನೂ ನಾನೂ ಅವಳನ್ನು ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಬೆನ್ನು ತಟ್ಟಿ ನೋಡಿದರು. ಆಮೇಲೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಬಾಯಿ ತೆರೆಸಿದರು. ಹತ್ತಿ ಸುತ್ತಿದ ಬೆರಳಿನಿಂದ ಕೆಳಗಿನ ವಸಡು ಒತ್ತಿದರು. ರಕ್ತ ಬಂತು. ಅದರ ಹಿಂದೆ ಕೀವು.

“ಪಯೋರಿಯಾ, ವಸಡಿನ ರೋಗ. ರಕ್ತ ಬರ್ತಾ ಇರೋದು ಇಲ್ಲಿಂದ.”

“ಇಲ್ಲಿಂದ ಬರ್ತದ ಅನ್ನೋದು ಒಪ್ಪಿದೆ,” ಎಂದೆ. “ಎದಿಯಿಂದ ಬರೂದಿಲ್ಲ ಅನ್ನೋದಕ್ಕ ಆಧಾರ ಏನ್ರಿ? ಎರಡೂ ಇರಬಹುದಲ್ಲ?”

ಅಪ್ಪ ನನ್ನ ಕಾಲು ತುಳಿದ. ಡಾಕ್ಟರು ನಕ್ಕರು. “ಇರಬಹುದು ಮಾರಾಯ. ಹುಬ್ಬಳ್ಳಿಗೆ ಕರ್ಕಂಡು ಹೋಗಿ ಎಕ್ಸ್‌ರೇ ತೆಗೆಸು. ಕಫಾನೂ ಪರೀಕ್ಷೆ ಆಗಲಿ.”

“ವಸಡು ಕೆಟ್ಟರೆ ಮೊಣಕಾಲು ಯಾಕ ನೋಯಬೇಕ್ರಿ?”

“ಮೊಣಕಾಲಿನ ಬಗ್ಗೆ ನಾನು ಮಾತು ಕೊಡೋದಿಲ್ಲ. ಆದರೆ ಬಾಯಲ್ಲಿ ಕೀವು ಇಟ್ಕಂಡು, ಅಗಿಯೋಕೆ ಆಗದೆ ಎರಡು ತಿಂಗಳು ಬರೀ ಹಾಲು ಅನ್ನ ನುಂಗಿದವರು ಸೊರಗದೆ ಇನ್ನೇನು ಆಗ್ತಾರೆ?”

ಎಲ್ಲದಕ್ಕೂ ಪ್ರಶ್ನೆ ಹಾಕುವ ನಾನು, ರೊಟ್ಟಿ ಬಿಟ್ಟದ್ದು ಹಸಿವಿಲ್ಲದೆಯೋ ನೋವಿನಿಂದಲೋ ಎಂದು ಒಮ್ಮೆಯೂ ಕೇಳಿರಲಿಲ್ಲ.

ಹುಬ್ಬಳ್ಳಿಗೆ ಹೋಗಿ ಬಂದೆವು. ಹತ್ತು ದಿನ ಕಾದೆವು. ಎಕ್ಸ್‌ರೇಯಲ್ಲಿ ಎದೆ ಸ್ವಚ್ಛ. ಕಫದಲ್ಲೂ ಏನಿಲ್ಲ. ಡಾಕ್ಟರು ಆ ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಬಹಳ ಹೊತ್ತು ನೋಡಿದ.

ಗೆದ್ದೆವು ಎಂದುಕೊಂಡೆ. ಬಾಯಿಯ ಕೆಲಸ ಇನ್ನೂ ಹಾಗೇ ಇತ್ತು. ಅದು ವಾಸಿಯಾಗದೆ ಜ್ವರ ಬಿಡುವುದಿಲ್ಲ, ಜ್ವರವಿರುವ ತನಕ ಚಿಗವ್ವನ ಅನುಮಾನವೂ ಬಿಡುವುದಿಲ್ಲ.

ವಾರಕ್ಕೊಮ್ಮೆ ಶಿರಸಿಗೆ ಬರುತ್ತಿದ್ದ ಹಲ್ಲಿನ ಡಾಕ್ಟರು ಅಲುಗಾಡುತ್ತಿದ್ದ ಮೂರು ಹಲ್ಲು ಕಿತ್ತರು. ಉಳಿದವುಗಳ ಬುಡದಲ್ಲಿ ಕಲ್ಲಿನಂತೆ ಕಟ್ಟಿದ್ದ ಕೊಳೆಯನ್ನು ಎರಡು ವಾರ ಕೆರೆದರು. ಉಪ್ಪುನೀರು ಮುಕ್ಕಳಿಸಬೇಕು, ಎಲೆಯ ಜೊತೆ ಹಾಕುತ್ತಿದ್ದ ತಂಬಾಕು ಬಿಡಬೇಕು, ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ತಿಕ್ಕಬೇಕು ಎಂದರು.

ಅವ್ವ ಬ್ರಷ್ಷಿಗೆ ಒಲ್ಲೆ ಎಂದಳು. “ಹಂದಿ ಕೂದಲದ್ದು ಅದು. ಲಿಂಗ ಕಟ್ಟಿದ ಮೈ ಇದು. ಬಾಯಾಗ ಇಡೂದಿಲ್ಲ.”

ಅದು ಸುಳ್ಳು ಅನುಮಾನವಾಗಿರಲಿಲ್ಲ. ಹಂದಿ ಕೂದಲಿನ ಬ್ರಷ್ ಮಾರಾಟಕ್ಕಿದ್ದದ್ದು ನಿಜ. ನಾನು ಪೇಟೆಯೆಲ್ಲ ಸುತ್ತಿ ಬೇರೊಂದು ತಂದೆ.

“ಇದು ನೈಲಾನ್, ಅವ್ವಾ.”

“ಅದ್ಯಾವ ಪ್ರಾಣಿ?”

“ಪ್ರಾಣಿ ಅಲ್ಲ. ಅಂಗಡ್ಯಾಗ ಅಪ್ಪ ಮಾರ್ತಾನಲ್ಲ, ನೈಲಾನ್ ಸೀರಿ, ಅದs.”

“ಹಂಗಾರ ಸೀರಿಲೆ ಹಲ್ಲು ತಿಕ್ಕಬೇಕೇನು? ಆ ಸೀರಿ ಉಟ್ಟರs ಮೈ ತುರಸ್ತದ.”

ಅಂಗಡಿಯ ಬಾಗಿಲಿನಿಂದ ಅಪ್ಪ ಕೂಗಿದ: “ಮೆಲ್ಲಕ ಮಾತಾಡ್ರಿ, ಗಿರಾಕಿ ಕೇಳ್ತಾರ.”

ಕೊನೆಗೆ ತಿಕ್ಕಿದಳು. ಎರಡು ದಿನ ರಕ್ತ ಮೊದಲಿಗಿಂತ ಹೆಚ್ಚು ಬಂತು. ನನ್ನ ತರ್ಕ ಚುರುಕಾಯಿತು: ತಿಕ್ಕಿದಾಗ ರಕ್ತ ಬರುತ್ತದೆ, ಆದ್ದರಿಂದ ತಿಕ್ಕುವುದೇ ಕಾರಣ. ನಾನೇ ಬ್ರಷ್ ತೆಗೆದಿಟ್ಟೆ. ಐದು ದಿನ ಬಿಟ್ಟು ಹಲ್ಲಿನ ಡಾಕ್ಟರ ಮುಂದೆ ಈ ವಾದವನ್ನು ಗಂಭೀರವಾಗಿ ಮಂಡಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. “ನಿಮ್ಮ ಅಂಗಳ ಗುಡಿಸಿದಾಗ ಧೂಳು ಏಳ್ತದಲ್ಲ? ಧೂಳು ಮಾಡಿದ್ದು ಕಸಬರಿಗಿ ಏನು?”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನು ಸೋತೆ. ಇಷ್ಟು ಬೇಗ ಯಾವ ವೇದಿಕೆಯಲ್ಲೂ ಸೋತಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ, ಮತ್ತೆ ಊಟ ಮುಗಿದ ಮೇಲೆ, ನಾನು ಎದುರಿಗೆ ನಿಂತು ತಿಕ್ಕಿಸಿದೆ. ಎರಡನೆಯ ವಾರ ರಕ್ತ ಕಡಿಮೆಯಾಯಿತು. ಮೂರನೆಯ ವಾರ ನಿಂತಿತು. ಒಂದು ಸಂಜೆ ಅವಳ ಕೈ ಹಿಡಿದೆ. ತಣ್ಣಗಿತ್ತು. ಮರುದಿನವೂ ತಣ್ಣಗಿತ್ತು. ರೊಟ್ಟಿಯನ್ನು ಮೊದಲು ಸಾರಿನಲ್ಲಿ ನೆನೆಸಿ ತಿಂದಳು, ಆಮೇಲೆ ಹಾಗೆಯೇ ಮುರಿದು. ಕಡಲೆಕಾಳಿನ ಪಲ್ಯ ಇನ್ನಷ್ಟು ಬೇಕು ಎಂದ ದಿನ ಅಪ್ಪ ತನ್ನ ತಾಟಿನದನ್ನೇ ಅವಳ ಕಡೆ ಸರಿಸಿದ. ಆ ಹೊತ್ತಿಗೆ ತಾಟುಗಳು ಮತ್ತೆ ಒಂದೇ ಕಡೆ ಸೇರಿದ್ದವು. ಯಾರು ಯಾವಾಗ ಸೇರಿಸಿದರೋ ಗಮನಿಸಲಿಲ್ಲ.

ಮೊಣಕಾಲು ನೋವು ಕಡಿಮೆಯಾಗಿದೆ, ಹೋಗಿಲ್ಲ. ಡಾಕ್ಟರು ಮಾತು ಕೊಟ್ಟಿರಲಿಲ್ಲ, ನಾನೂ ಜಗಳ ತೆಗೆಯುವುದಿಲ್ಲ. ಹರಕೆ ಅವ್ವನನ್ನು ಗುಣಪಡಿಸಿತೆಂದು ಈಗಲೂ ಒಪ್ಪುವುದಿಲ್ಲ. ಮುಚ್ಚಿಹೋಗಿದ್ದ ರೋಗ ಹರಕೆಯಿಂದ ಕಣ್ಣಿಗೆ ಬಿತ್ತು, ಅಷ್ಟೇ. ಅಷ್ಟೇ ಎಂದು ಬರೆದೆ, ಅದೇನು ಸಣ್ಣದಲ್ಲ.

ಗಿರಿಜಕ್ಕನನ್ನು ನಮ್ಮ ಮನೆಗೇ ಕರೆತಂದೆವು. ಹೆಣ್ಣು ಕೂಸು. ಹೋದ ವಾರ ಚಿಗವ್ವ ನೋಡಲು ಬಂದಾಗ ಅವ್ವ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ಬೀದಿಗೆ ಕೇಳುವಂತೆ ಕೂಸು ಕಿರುಚುತ್ತಿತ್ತು.

“ಯಕ್ಕಾ, ಮುಂದಿನ ಮೂರು ಹಲ್ಲು ಹೋಗಿಬಿಟ್ಟಾವಲ್ಲ,” ಎಂದು ಚಿಗವ್ವ ಮರುಗಿದಳು.

“ಹೋಗ್ಲಿ ಬಿಡು,” ಎಂದಳು ಅವ್ವ, ಕೂಸಿನ ತಲೆಯ ಮೇಲೆ ನೀರು ಸುರಿಯುತ್ತ. “ಈಕಿಗೆ ಒಂದೂ ಇಲ್ಲ. ಮನಿ ಎಲ್ಲಾ ಈಕಿ ಮಾತs ಕೇಳ್ತದ.”