ನೋಡದೆ ಕೊಟ್ಟ ಒಪ್ಪಿಗೆ

ಆಸ್ಪತ್ರೆ ಮಂಚ ತಯಾರಿಸುವ ಆ ಕಂಪನಿಯಲ್ಲಿ ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲೇ ಈಗ ತಂಗಿ ಕೂರುತ್ತಾಳೆ. ಕೆಲಸವೂ ಅದೇ. ಆರ್ಡರು, ಗೋದಾಮು, ಸಂಬಳ, ರಜೆ ಎಲ್ಲವನ್ನೂ ನಡೆಸುವ ದೊಡ್ಡ ಸಾಫ್ಟ್‌ವೇರಿಗೆ ಸೆಟ್ಟಿಂಗ್ ಹಾಕುವುದು. ಯಾವ ಕಾಗದ ಯಾರ ಮೇಜಿಗೆ ಹೋಗಬೇಕು, ಯಾರು ಒಪ್ಪಿದರೆ ಮುಂದೆ ಸಾಗಬೇಕು, ಇಂಥದ್ದೇ. ಹೊಸ ಶಾಖೆ ತೆರೆದಾಗಲೆಲ್ಲ ಮತ್ತೆ ಮೊದಲಿಂದ. ಕಣ್ಣು ಉರಿಯುವ ಕೆಲಸ.

ತಂಗಿಯ ಹೊಟ್ಟೆ ಉರಿಯುತ್ತಿದ್ದುದು ಮಾತ್ರ ಮ್ಯಾನೇಜರನ್ನು ಕಂಡರೆ. ಬಾಯಿ ತೆರೆದರೆ ಗುಡುಗುವ ಆಸಾಮಿಗೆ ಎಲ್ಲರೂ ಇಟ್ಟ ಹೆಸರು ಗುಡುಗಪ್ಪ. ಈ ಪುಣ್ಯಾತ್ಮನಿಗೆ ಓದುವುದೆಂದರೆ ಅಲರ್ಜಿ. ತನ್ನ ಮೇಜಿಗೆ ಬಂದದ್ದನ್ನು ಊಟದ ಹೊತ್ತಿನೊಳಗೆ ತೆರೆಯದಿದ್ದರೆ ಅದು ತಾನಾಗಿ ಪಾಸಾಗಲಿ ಎಂದು ಅಕ್ಕನಿಗೆ ಬಾಯಿಮಾತಲ್ಲೇ ಹೇಳಿ ಸೆಟ್ಟಿಂಗ್ ಹಾಕಿಸಿಕೊಂಡಿದ್ದ. "ಬೇಡ ಸಾರ್" ಎಂದದ್ದಕ್ಕೆ ಬೈಗುಳ ಬೇರೆ. ಹಾಗೆ ಪಾಸಾದ ತಪ್ಪು ಆರ್ಡರೊಂದರಿಂದ ಒಂದು ದಿನ ಯಾವ ಮಂಚಕ್ಕೂ ಹೊಂದದ ಚಕ್ರಗಳು ಲಾರಿಗಟ್ಟಲೆ ಬಂದಿಳಿದವು. ಮಾಲಕಿ ಕರೆಸಿ ಕೇಳಿದಾಗ ಅವನು ಎದೆ ತಟ್ಟಿಕೊಂಡು, "ನಾನು ಕಣ್ಣಾರೆ ನೋಡದೆ ನನ್ನ ಮೇಜಿಂದ ಒಂದು ಕಾಗದಾನೂ ದಾಟಲ್ಲ ಮೇಡಂ. ಇವಳೇ ಕಳ್ಳದಾರಿ ಮಾಡಿ ದಾಟಿಸಿದಾಳೆ" ಅಂದುಬಿಟ್ಟ. ಥೂ! ಅಕ್ಕ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೆಲಸದ ಜೊತೆ ಮಾನವೂ ಹೋಯಿತು. ಅಂದಿನಿಂದ ಹಳೇ ಗೆಳತಿಯರು ಎದುರಾದರೆ ಅವಳು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾಳೆ.

ಗೋದಾಮಿನಲ್ಲಿದ್ದ ತಂಗಿಯನ್ನು ಆ ಕುರ್ಚಿಗೆ ತಂದು ಕೂರಿಸಿದವನೂ ಅವನೇ. ಇವಳೇನು ಮಾಡಿಯಾಳು ಎಂಬ ಸಸಾರ. ಅವನ ಸೆಟ್ಟಿಂಗ್ ಇನ್ನೂ ಹಾಗೇ ಇತ್ತು. ತಂಗಿ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಅಕ್ಕನ ಪರ ವಹಿಸುತ್ತಾಳೆ ಎನ್ನುತ್ತಿದ್ದರು. ನಿಜ ಅವನ ಬಾಯಿಂದಲೇ ಬರಬೇಕು, ಅದೂ ಮಾಲಕಿಯ ಎದುರಿಗೇ ಬರಬೇಕು ಎಂದು ಹಲ್ಲು ಕಚ್ಚಿ ಕಾದಳು.

ಅಷ್ಟರಲ್ಲಿ ಗುಡುಗಪ್ಪ ಹೊಸ ಪ್ರೋಗ್ರಾಮ್ ತರಿಸಿದ. ಇರುವ ಸೆಟ್ಟಿಂಗನ್ನೆಲ್ಲ ಅದು ಕಲಿತುಕೊಂಡು, ಮುಂದಿನದನ್ನು ತಾನೇ ಹಾಕಿಕೊಳ್ಳುತ್ತದಂತೆ. ಮಾಲಕಿಯನ್ನು ಮೆಚ್ಚಿಸಲು ತನ್ನದೊಂದು ನಿಯಮವನ್ನೂ ತುರುಕಿದ. ಮನುಷ್ಯರ ಕೈ ಸೋಕದೆ ಯಾವ ಹುದ್ದೆಯ ಕೆಲಸ ನಡೆಯುತ್ತದೋ, ಆ ಹುದ್ದೆ ರದ್ದೆಂದು ಯಂತ್ರವೇ ಆದೇಶ ಬರೆದು ಅವನ ಒಪ್ಪಿಗೆಗೆ ಕಳಿಸಬೇಕು. ಮೊದಲು ತಂಗಿಯೇ ಮನೆಗೆ ಹೋಗುತ್ತಾಳೆಂದು ಅವನು ಅಂದುಕೊಂಡಿದ್ದ.

"ಎಲ್ಲ ಇದ್ದ ಹಾಗೇ ಕಲಿಸು. ಕೂದಲೆಳೆಯಷ್ಟೂ ಬದಲಾಗಬಾರದು."

"ನಿಮ್ಮ ಮೇಜಿನದೂ ಸಾರ್?"

"ಕಿವೀಲಿ ಹತ್ತಿ ಇಟ್ಕೊಂಡಿದೀಯಾ? ಎಲ್ಲಾ ಅಂದ್ರೆ ಎಲ್ಲಾ!"

"ಸರಿ ಸಾರ್" ಎಂದಳು ತಂಗಿ, ಹಸುವಿನಷ್ಟು ಸಾಧುವಾಗಿ. ಇಂದಲ್ಲ ನಾಳೆ ತನ್ನ ಹುದ್ದೆಯೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹೋದರೆ ಹೋಗಲಿ, ಹಾಳಾಗಲಿ. ಆ ದಿನ ಅವಳು ಕಲಿಸಿದಷ್ಟು ಆಸೆಯಿಂದ ಯಾವ ಮೇಷ್ಟರೂ ಪಾಠ ಹೇಳಿರಲಾರರು.

ಪ್ರೋಗ್ರಾಮ್ ಶುರುವಾದ ವಾರದಲ್ಲೇ ಒಂದು ಬೆಳಿಗ್ಗೆ ಗುಡುಗಪ್ಪನ ಕಂಪ್ಯೂಟರ್ ತೆರೆಯಲೇ ಇಲ್ಲ. ಹುದ್ದೆ ರದ್ದಾಗಿತ್ತು. ಕೈ ಸೋಕದೆ ನಡೆಯುವ ಕೆಲಸ ಎಲ್ಲಿದೆ ಎಂದು ಹುಡುಕಿದ ಯಂತ್ರಕ್ಕೆ ಮೊದಲು ಸಿಕ್ಕಿದ್ದೇ ಅವನ ಮೇಜು. ಆದೇಶ ಬರೆದು ಒಪ್ಪಿಗೆಗೆ ಅವನಿಗೇ ಕಳಿಸಿತ್ತು. ಅವನು ಎಂದಿನಂತೆ ತೆರೆಯಲಿಲ್ಲ, ಅದು ಎಂದಿನಂತೆ ಊಟದ ಹೊತ್ತಿಗೆ ಪಾಸಾಯಿತು.

ಮಾಲಕಿ ಇಬ್ಬರನ್ನೂ ಕರೆಸಿದರು. "ನೀವೇ ಒಪ್ಪಿದೀರಲ್ರೀ, ನಾನೇನ್ ಮಾಡ್ಲಿ?"

"ಅಯ್ಯೋ, ನಾನು ನೋಡೇ ಇಲ್ಲ ಮೇಡಂ! ನನ್ನ ಮೇಜಿಗೆ ಬಂದದ್ದು ತಾನಾಗೇ ಪಾಸಾಗುತ್ತೆ. ಮೊದಲಿಂದಲೂ ಹಾಗೇ..." ಎಂದ ಗುಡುಗಪ್ಪ.

"ಮೊದಲಿಂದಲೂ?" ಮಾಲಕಿ ಕನ್ನಡಕ ತೆಗೆದರು. "ಆ ಚಕ್ರ ಬಂದಾಗ್ಲೂ?"

ಗುಡುಗಪ್ಪ ನೆಲ ನೋಡಿದ. ಗಂಟಲೊಳಗೇ ಏನೋ ಗೊಣಗಿದ.

"ಕೇಳಿಸ್ಲಿಲ್ಲ ಸಾರ್" ಎಂದಳು ತಂಗಿ. "ಎಲ್ಲರಿಗೂ ಕೇಳೋ ಹಾಗೆ ಹೇಳಿ. ನಿಮಗೆ ಅಭ್ಯಾಸ ಇದೆಯಲ್ಲ."

"ಹೌದು" ಎಂದ. "ಆಗ್ಲೂ ನೋಡಿರ್ಲಿಲ್ಲ. ಆ ಸೆಟ್ಟಿಂಗ್ ನಾನೇ ಹಾಕ್ಸಿದ್ದು."

ಸಂಜೆ ತಂಗಿ ಚಪ್ಪಲಿ ಕಳಚುವ ಮೊದಲೇ ಒದರಿದಳು. "ಅಕ್ಕಾ, ಅವನ ಬಾಯಿಂದ್ಲೇ ಬಂತು ಕಣೇ! ನಾಳೆ ನಿನ್ನ ಬರಕ್ಕೆ ಹೇಳಿದಾರೆ ಮಾಲಕಿ."

ಅಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಕಣ್ಣು ತುಂಬಿತ್ತು. ಬಾಗಿಲು ಹಾಕಿಬಂದು ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಹೋಗೋದು ಬಿಡೋದು ಆಮೇಲೆ. ಅವನ ಮುಖ ಹೇಗಿತ್ತು, ಮೊದಲು ಅದನ್ನ ಹೇಳು. ನಿಧಾನಕ್ಕೆ ಹೇಳೇ, ಒಂದೂ ಬಿಡಬೇಡ."